ಯಾರ ಮನೆಯದೂ ಅಲ್ಲದ ಉಪ್ಪು

ಬಸ್ಸು ನಿಂತಿತು. ಬಾಗಿಲು ತೆರೆಯಿತು. ಒಬ್ಬರೂ ಇಳಿಯಲಿಲ್ಲ.

ಹೊರಗೆ ಹುಲಿ ಇರಲಿಲ್ಲ, ಪೊಲೀಸರೂ ಇರಲಿಲ್ಲ. ಬರೀ ಉಪ್ಪಿತ್ತು. ಕಣ್ಣು ಹಾಯುವಷ್ಟು ದೂರ, ಹಾಸಿಗೆಯ ಮೇಲೆ ಈಗಷ್ಟೇ ಎಳೆದು ಹಾಸಿದ ಚಾದರದ ಹಾಗೆ, ಬೆಳ್ಳಗೆ. ಗುಜರಾತಿನ ಕಚ್ಛದ ರಣ. ಮಳೆಗಾಲದಲ್ಲಿ ನೀರು ನಿಂತು, ಬಿಸಿಲಿಗೆ ಆರಿ, ತನ್ನಷ್ಟಕ್ಕೆ ತಾನೇ ಹುಟ್ಟುವ ಉಪ್ಪಿನ ನೆಲ. ಸರ್ಕಾರದ ಬೋರ್ಡಿನ ಪ್ರಕಾರ ಅದೊಂದು ಅಭಯಾರಣ್ಯ. ಮರವಿಲ್ಲ, ಗಿಡವಿಲ್ಲ, ಹೆಸರು ಮಾತ್ರ ಅರಣ್ಯ. (ನಮ್ಮ ಸರ್ಕಾರಗಳು ಇಲ್ಲದ್ದರ ಹೆಸರಿನಲ್ಲಿ ಬೋರ್ಡು ಹಾಕುವುದರಲ್ಲಿ ಎಲ್ಲ ರಾಜ್ಯಗಳಲ್ಲೂ ಒಂದೇ.)

ಬಸ್ಸಿನಲ್ಲಿ ಬೈಲಹೊಂಗಲ, ಮುರಗೋಡ, ಸವದತ್ತಿ, ರಾಮದುರ್ಗದ ಮೂವತ್ತೆರಡು ಜನ ಇದ್ದೆವು. ಇಪ್ಪತ್ತೆಂಟು ಎನ್ನುತ್ತಾಳೆ ನನ್ನ ಹೆಂಡತಿ ಸರೋಜಾ. ಹೋಗಿ ಬಂದು ಇನ್ನೂ ಎರಡು ತಿಂಗಳಾಗಿಲ್ಲ, ಆಗಲೇ ನಾಲ್ಕು ಜನ ಕಾಣೆ. ನನ್ನ ನೆನಪಿನ ಕಥೆಯೇ ಇಷ್ಟು. ಇದನ್ನು ಇಲ್ಲಿಯೇ ಗುರುತು ಮಾಡಿಕೊಳ್ಳಿ, ಮುಂದೆ ಬೇಕಾಗುತ್ತದೆ.

ಟೂರಿನ ಮ್ಯಾನೇಜರ್ ಮುರಗೋಡದ ಬಸಣ್ಣ. ಸೋಮನಾಥ, ದ್ವಾರಕಾ ಮುಗಿಸಿ, 'ಒಂದ್ ಸ್ಪೆಷಲ್ ಐಟೆಮ್ ತೋರಸ್ತೇನಿ' ಎಂದು ಹುಮ್ಮಸ್ಸಿನಿಂದ ಬಸ್ಸು ತಿರುಗಿಸಿದ್ದ. ಈಗ ಐಟೆಮ್ ಎದುರಿಗಿದೆ, ಜನ ಸೀಟಿಗೆ ಅಂಟಿಕೊಂಡಿದ್ದಾರೆ.

"ಇಳೀರಿ, ಯಾಕ ಕುಂತ್ರಿ?" ಎಂದ.

"ಉಪ್ಪು ತುಳೀತಾರೇನೊ ಬಸಣ್ಣಾ?" ಎಂದಿತು ಹಿಂದಿನ ಸೀಟಿನಿಂದ ರಾಮದುರ್ಗದ ಒಂದು ಹೆಣ್ಣು ದನಿ. "ಸತ್ತ ಮ್ಯಾಲ ಕಣ್ಣರೆಪ್ಪಿಲೆ ಆರಸಬೇಕಾಕ್ಕೈತಿ."

ನಿಮಗೂ ಚಿಕ್ಕಂದಿನಲ್ಲಿ ಹೇಳಿರುತ್ತಾರೆ. ಉಪ್ಪು ಚೆಲ್ಲಿದರೆ, ತುಳಿದರೆ, ಮೇಲಿನ ಲೋಕದಲ್ಲಿ ಒಂದೊಂದೇ ಹರಳನ್ನು ರೆಪ್ಪೆಯಿಂದ ಎತ್ತಿಡುವ ಶಿಕ್ಷೆ. ಮನೆಯಲ್ಲಿ ಅಬ್ಬಬ್ಬಾ ಎಂದರೆ ಒಂದು ಚಮಚ ಚೆಲ್ಲೀತು. ಇಲ್ಲಿ? ಮೈಲಿಗಟ್ಟಲೆ! ಎಷ್ಟು ಜನ್ಮ, ಎಷ್ಟು ರೆಪ್ಪೆ?

ನಾನು ಎದ್ದು ನಿಂತೆ. ಧಾರವಾಡದಲ್ಲಿ ಎರಡು ವರ್ಷ ಕಲ್ಲು-ಮಣ್ಣು ಓದಿ ಎಂ.ಎಸ್ಸಿ. ಮಾಡಿದವನು ನಾನು, ಈಗ ಕಾಲೇಜಿನಲ್ಲಿ ಅದನ್ನೇ ಹೇಳಿ ಹೊಟ್ಟೆ ಹೊರೆಯುತ್ತೇನೆ. ಇಂಥ ಕ್ಲಾಸ್‌ರೂಮ್ ಮತ್ತೆ ಸಿಗುತ್ತದೆಯೇ? ಸಮುದ್ರ ಹೇಗೆ ಹಿಂದೆ ಸರಿಯಿತು, ನೀರು ಆರಿದಾಗ ಯಾವ ಲವಣ ಮೊದಲು ಹೊರಬೀಳುತ್ತದೆ, ಪದರ ಬಿರಿದು ಐದಾರು ಮೂಲೆಯ ಬಿಲ್ಲೆಗಳು ಯಾಕಾಗುತ್ತವೆ, ಎಲ್ಲ ಹೇಳಿದೆ. ಹತ್ತು ನಿಮಿಷ. ಮೂವತ್ತೆರಡು (ಅಥವಾ ಇಪ್ಪತ್ತೆಂಟು) ಜನರೂ ಶಾಂತವಾಗಿ ಕೇಳಿದರು. ಒಬ್ಬರೂ ಅಲ್ಲಾಡಲಿಲ್ಲ.

"ಸರ, ಅದೆಲ್ಲಾ ಖರೇ," ಎಂದ ಬಸಣ್ಣ. "ಆದ್ರ ರೆಪ್ಪೀದು ಏನ್ ಮಾಡೂಣು?"

ಆಗ ಎದ್ದಳು ಗಂಗತ್ತೆ.

ಗಂಗತ್ತೆ ಎಂದರೆ ನನ್ನ ಸೋದರತ್ತೆ, ಅಪ್ಪನ ತಂಗಿ. ಹುಟ್ಟಿದ್ದು ಬೈಲಹೊಂಗಲದ ನಮ್ಮ ಮನೆಯಲ್ಲಿ, ಕೊಟ್ಟದ್ದು ಮನೋಳಿಗೆ. ಅರವತ್ತು ದಾಟಿದೆ. ಸಾಲಿ ಕಲಿತದ್ದು ಎರಡನೇ ಇಯತ್ತೆಯವರೆಗೆ, ಆದರೆ ವಕೀಲಿ ಓದಿದ್ದರೆ ಬೆಳಗಾವಿ ಜಿಲ್ಲೆಯ ಅರ್ಧ ಕೇಸು ಗೆಲ್ಲುತ್ತಿದ್ದಳು.

"ಚೆಲ್ಲಿದ ಉಪ್ಪು ಬ್ಯಾರೆ, ಬಿದ್ದಿರೂ ಉಪ್ಪು ಬ್ಯಾರೆ," ಎಂದಳು. "ಇದನ್ನ ಯಾರ ಚೆಲ್ಲ್ಯಾರ ಹೇಳ್ರಿ? ಇದು ಯಾರ ಮನೀದೂ ಅಲ್ಲ. ಯಾರ ಮನೀದೂ ಅಲ್ಲಂದ್ರ ಎಲ್ಲೀ ಪಾಪ?"

ಚಪ್ಪಲಿ ಬಿಟ್ಟಳು. ಸೀರೆ ನಿರಿಗೆ ತುಸು ಎತ್ತಿ ಹಿಡಿದಳು. ಇಳಿದೇಬಿಟ್ಟಳು. ಹಿಂದೆಯೇ ಇಡೀ ಬಸ್ಸು ಇಳಿಯಿತು, ಎಲ್ಲರೂ ಬರಿಗಾಲಲ್ಲಿ. ಐದು ನಿಮಿಷದಲ್ಲಿ 'ಯವ್ವಾ', 'ಯಪ್ಪಾ' ಶುರುವಾಯಿತು. ದೂರದಿಂದ ಚಾದರ, ಹತ್ತಿರದಿಂದ ಒಡೆದ ಗಾಜು. ಹತ್ತು ನಿಮಿಷಕ್ಕೆ ಎಲ್ಲರ ಕಾಲಲ್ಲೂ ಚಪ್ಪಲಿ ಬಂದಿತ್ತು. ಪಾಪದ ಚಿಂತೆ ಎಲ್ಲಿ ಹೋಯಿತೋ!

ಎರಡು ಬಿಲ್ಲೆಗಳ ನಡುವಿನ ಬಿರುಕನ್ನು ನೋಡುತ್ತ ಅತ್ತೆ ಕುಕ್ಕರಗಾಲಲ್ಲಿ ಕುಳಿತಳು. "ಹಂಚಿನ ಮ್ಯಾಲ ರೊಟ್ಟಿ ಹರದಂಗ ಐತಿ," ಎಂದಳು. ನನ್ನ ಹತ್ತು ನಿಮಿಷದ ಲೆಕ್ಚರಿಗಿಂತ ಇದು ಚೆನ್ನಾಗಿತ್ತು. ಮುಂದಿನ ವರ್ಷದಿಂದ ಕ್ಲಾಸಿನಲ್ಲಿ ಇದನ್ನೇ ಹೇಳುವವನಿದ್ದೇನೆ.

ಅರಣ್ಯ ಇಲಾಖೆಯ ಗಾರ್ಡು ದೂರಕ್ಕೆ ಕೈ ತೋರಿಸಿ, ಪಿಸುದನಿಯಲ್ಲಿ, ಭಕ್ತಿಯಿಂದ, ಕಾಡುಕತ್ತೆಗಳನ್ನು ತೋರಿಸಿದ. ದೇಶದಲ್ಲಿ ಬೇರೆಲ್ಲೂ ಇಲ್ಲವಂತೆ. ಬಸಣ್ಣ ಕಣ್ಣು ಕಿರಿದು ಮಾಡಿ ನೋಡಿದ. "ಕತ್ತಿ ನೋಡಾಕ ಇಷ್ಟ ದೂರ ಬಂದ್ವೇನ್ರಿ? ಬೈಲಹೊಂಗಲದ ಸಂತ್ಯಾಗ ಬೇಕಾದಷ್ಟ ಅದಾವಲ್ರಿ!" ಗಾರ್ಡಿಗೆ ಕನ್ನಡ ಬರದಿದ್ದದ್ದು ಪುಣ್ಯ.

ನಾನು ಒಂದಿಡೀ ರೋಲು ಫೋಟೋ ಹೊಡೆದೆ. ಊರಿಗೆ ಬಂದು ತೊಳೆಸಿದರೆ ಮೂವತ್ತಾರಕ್ಕೆ ಮೂವತ್ತಾರೂ ಬಿಳಿ. ಉಪ್ಪಿನ ಬೆಳಕಿಗೆ ಎಲ್ಲ ಸುಟ್ಟುಹೋಗಿತ್ತು. ಸ್ಟುಡಿಯೋದವನು, "ಸರ, ಏನ್ ಬರೇ ಸುಣ್ಣಾ ಬಳದ ಗ್ವಾಡಿ ಹೊಡದೀರೇನ್ರಿ?" ಎಂದ. ಹಾಗಾಗಿ ನಾವು ಅಲ್ಲಿಗೆ ಹೋಗಿದ್ದೆವು ಎನ್ನುವುದಕ್ಕೆ ಸಾಕ್ಷಿ ಎರಡೇ: ಒಂದು ನನ್ನ ನೆನಪು. ಅದನ್ನು ಬಿಡಿ. ಎರಡನೆಯದು ಒಂದು ಸ್ಟೀಲಿನ ಡಬ್ಬಿ.

ಡಬ್ಬಿಯ ಕಥೆ ಹೇಳುವ ಮೊದಲು ಮೂವತ್ತು ವರ್ಷ ಹಿಂದೆ ಹೋಗಬೇಕು.

ಗಂಗತ್ತೆ ಮೂವತ್ತು ವರ್ಷಗಳಿಂದ ನಮ್ಮ ಮನೆಯ ಉಪ್ಪು ಮುಟ್ಟಿಲ್ಲ.

ಇದು ಆಲಂಕಾರಿಕ ಮಾತಲ್ಲ. ಮನೆ ಮನೆಗಳ ನಡುವೆ ಮಾತು ಮುರಿದಾಗ ನಮ್ಮ ಕಡೆ ಹಿರಿಯರು ಇಂಥದೊಂದು ಆಣೆ ಹಾಕಿಕೊಳ್ಳುತ್ತಿದ್ದರು. ಬರುವುದು ಬಿಡುವುದಿಲ್ಲ, ಮಾತು ಬಿಡುವುದಿಲ್ಲ. ಉಪ್ಪು ಮಾತ್ರ ಬಿಡುತ್ತಾರೆ. ಉಪ್ಪು ಬಿಟ್ಟರೆ ಋಣ ಬಿಟ್ಟ ಹಾಗೆ. ಅತ್ತೆ ನಾಗರ ಪಂಚಮಿಗೆ ಬರುತ್ತಿದ್ದಳು, ಮದುವೆಗೆ ಬರುತ್ತಿದ್ದಳು, ನನ್ನ ಅಪ್ಪ ಹೋದಾಗ ಹದಿಮೂರು ದಿನ ಇದ್ದಳು. ತಿನ್ನುತ್ತಿದ್ದದ್ದು ಬರೀ ಸಿಹಿ. ಉಂಡಿ, ಮಾದಲಿ, ಬಾಳೆಹಣ್ಣು, ಬೆಲ್ಲ ಹಾಕಿದ ಹಾಲು. ಹೋಳಿಗೆಯ ಕಣಕಕ್ಕೂ ಒಂದು ಚಿಟಿಕೆ ಉಪ್ಪು ಬೀಳುತ್ತದಲ್ಲ? ಅದಕ್ಕೇ ಅವಳ ಹೋಳಿಗೆ ಬೇರೆ ಕಣಕದ್ದು.

ಅಡ್ಡದಾರಿ ಹುಡುಕಲಿಲ್ಲವೆಂದಲ್ಲ. ಅಂಗಡಿಯಿಂದ ಹೊಸ ಪ್ಯಾಕೆಟ್ ತಂದು, ಸೀಲು ತೋರಿಸಿ, ಅವಳ ಕಣ್ಣೆದುರೇ ಒಡೆದೆವು. "ನಿಮ್ಮ ರೊಕ್ಕಾ ಕೊಟ್ಟು ತಂದದ್ದು ನಿಮ್ಮ ಮನೀ ಉಪ್ಪ," ಎಂದಳು. ಹೊಟೇಲಿನಿಂದ ತರಿಸಿದರೂ ಅದೇ ಕಾನೂನು. ಆಕೆಯೇ ಮನೋಳಿಯಿಂದ ಉಪ್ಪು ತರಲಿ ಎಂದರೆ, "ತವರಿಗೆ ಉಪ್ಪು ಕಟಗೊಂಡು ಬರಾಕ ನಾ ಏನ್ ಜಾತ್ರಿಗೆ ಬಂದೇನೇನು?"

ಮೂವತ್ತು ವರ್ಷ ಸಿಹಿ ತಿಂದದ್ದರ ಫಲ ಗೊತ್ತಲ್ಲ? ಸಕ್ಕರೆ ಕಾಯಿಲೆ. ಡಾಕ್ಟರು ಸಿಹಿ ಬಂದ್ ಮಾಡಿದರು. ಹೋದ ಪಂಚಮಿಗೆ ಬಂದಾಗ ಅವಳ ತಾಟಿನಲ್ಲಿ ಇದ್ದದ್ದು ಒಂದು ಬಿಳಿ ಜೋಳದ ರೊಟ್ಟಿ, ಒಂದು ವಾಟಗ ಸಪ್ಪನೆ ಹಾಲು. ಸುತ್ತ ನಾಲ್ಕು ನಮೂನೆ ಉಂಡಿ, ಮೂರು ನಮೂನೆ ಪಲ್ಯ. ಹೆಣ್ಣುಮಕ್ಕಳು ತವರಿಗೆ ಬಂದು ಹೊಟ್ಟೆ ಬಿರಿಯುವಂತೆ ಉಣ್ಣುವ ಹಬ್ಬದ ದಿನ ಆಕೆ ಜೈಲಿನ ಕೈದಿಯ ಹಾಗೆ ಒಣ ರೊಟ್ಟಿ ಮುರಿಯುತ್ತಿದ್ದಳು. ಮುರಿದು ಮುಗಿಸಿ, ಕೈ ತೊಳೆದು, ಸರೋಜಾಳಿಗೆ ಹೇಳಿದಳು:

"ನಾ ಉಣ್ಣೂದು ನೋಡಿ ನಿಮಗ ಗಂಟಲಾಗ ಇಳಿಯೂದಿಲ್ಲ. ಇನ್ನ ಪಂಚಮಿಗೆ ಬರೂದಿಲ್ಲವಾ."

ಮೂರು ಗಂಟೆಯ ಬಸ್ಸಿಗೆ ಹೋಗಿಬಿಟ್ಟಳು. ಸರೋಜಾ ಆವತ್ತು ಉಣ್ಣಲಿಲ್ಲ. ನಾನು ಉಂಡೆ. (ಸುಳ್ಳು ಯಾಕೆ ಹೇಳಲಿ? ಎಣ್ಣೆಗಾಯಿ ಚೆನ್ನಾಗಿತ್ತು.)

ಟೂರಿಗೆ ಅತ್ತೆಯನ್ನು ಹೊರಡಿಸಿದ್ದು ಸರೋಜಾಳ ಪ್ಲಾನು. ಟೂರಿನಲ್ಲಿ ಅಡುಗೆ ಬಸಣ್ಣನ ಭಟ್ಟನದು. ಅತ್ತೆಯ ಟಿಕೆಟ್ಟಿನ ರೊಕ್ಕ ಅತ್ತೆಯದೇ. ಹೀಗಾಗಿ ಕಾನೂನಿನ ಅಡ್ಡಿ ಇಲ್ಲ. ಮದುವೆಯಾಗಿ ಹನ್ನೆರಡು ವರ್ಷದ ಮೇಲೆ ಸರೋಜಾ ಮೊದಲ ಸಲ ಅತ್ತೆ ಬೇಳೆಸಾರು ಸುರಿದು ಉಣ್ಣುವುದನ್ನು ನೋಡಿದಳು. ಪ್ರತಿ ಊರಲ್ಲೂ ಪಕ್ಕದಲ್ಲೇ ಕೂತು, ಬಾಯಿ ತೆರೆದುಕೊಂಡು, ಸಿನಿಮಾ ನೋಡಿದ ಹಾಗೆ ನೋಡಿದಳು.

ಈಗ ಜಗಳದ ಮೂಲಕ್ಕೆ ಬರೋಣ. ಮನೆಯಲ್ಲಿ ಕೇಳಿದ ಕಥೆ ಇಷ್ಟು. ಮಿರಗದ, ಅಂದರೆ ಮೃಗಶಿರಾ ಮಳೆ ಶುರುವಾದ ದಿನ. ಬೇಸಿಗೆ ಕಳೆದು ಅತ್ತೆ ಗಂಡನ ಮನೆಗೆ ಹೊರಟಿದ್ದಳು. ಪಡಸಾಲೆಯಲ್ಲಿ ಅವಳ ಗಂಟು ಇತ್ತು. ಅಜ್ಜಿ ಒಳಗೆ ಹೋಗಿ ನೋಡಿದರೆ ಉಪ್ಪಿನ ಮಡಕೆಯಲ್ಲಿ ದೊಡ್ಡ ತಗ್ಗು. ಅಡುಗೆಮನೆಯಿಂದ ಪಡಸಾಲೆಯವರೆಗೆ, ಸರಿಯಾಗಿ ಆ ಗಂಟಿನ ಪಕ್ಕದಿಂದಲೇ, ಹರಳು ಚೆಲ್ಲಿದ ಜಾಡು. ಕೊಟ್ಟ ಮಗಳು ತವರಿನ ಉಪ್ಪು ಒಯ್ಯಬಾರದು. ಒಯ್ದರೆ ತವರಿನ ಲಕ್ಷ್ಮಿ ಬೆನ್ನು ಹತ್ತಿ ಹೋಗುತ್ತಾಳೆ ಎಂದು ನಂಬಿಕೆ. ಅದೇ ವಾರ ಎಮ್ಮೆ ಬತ್ತಿತ್ತು, ಅಜ್ಜಿಗೆ ಅಷ್ಟು ಸಾಕಾಯಿತು. "ತವರ ತೊಳೆಯಾಕ ಬಂದಿದ್ದೇನ?" ಎಂದಳು. ಅತ್ತೆ ಗಂಟು ಬಿಚ್ಚಿ ತೋರಿಸಲಿಲ್ಲ. "ಈ ಮನೀ ಉಪ್ಪ ಇನ್ನ ನನ್ನ ನಾಲಿಗಿಗೆ ತಾಗಿದ್ರ ಕೇಳ್ರಿ" ಎಂದಳು, ಹೊರಟಳು.

ಆಗ ನನಗೆ ಎಂಟು ವರ್ಷ. ಅಣ್ಣ ಶಂಕರನಿಗೆ ಹತ್ತು.

ಆ ದಿನದ್ದು ನನಗೆ ನೆನಪಿರುವುದು ಒಂದೇ. ಹಿತ್ತಲ ಗೋಡೆ, ಮಳೆಗೆ ಬಿದ್ದ ಮಾವಿನಕಾಯಿ, ಅದಕ್ಕೆ ಹಚ್ಚಿದ ಉಪ್ಪು. ಉಪ್ಪು ಯಾರು ಕೊಟ್ಟರು? ಅತ್ತೆ ಕೊಟ್ಟಳು. ಹೊರಡುವ ಮೊದಲು ಬಂದು, ಮುಷ್ಟಿ ಬಿಚ್ಚಿ ಕೊಟ್ಟಳು. ಅವಳ ಹಸಿರು ಬಳೆ ಕೂಡ ನನಗೆ ಕಾಣುತ್ತದೆ. ಅಂದರೆ ಮಡಕೆಗೆ ಕೈ ಹಾಕಿದ್ದು ಅತ್ತೆಯೇ, ಆದರೆ ಒಯ್ಯಲಿಕ್ಕಲ್ಲ, ನಮಗೆ ಕೊಡಲಿಕ್ಕೆ. ಇದನ್ನು ನಾನು ಮೂವತ್ತು ವರ್ಷ ನಂಬಿದ್ದೆ. ಅಜ್ಜಿ ತಪ್ಪು ತಿಳಿದಳು, ಅತ್ತೆಗೆ ಸಿಟ್ಟು ಜಾಸ್ತಿ, ಕೇಸು ಕ್ಲೋಸ್.

ಸರಿ, ಡಬ್ಬಿಗೆ ಬರೋಣ.

ಉಪ್ಪಿನ ಬಯಲಲ್ಲಿ ಅತ್ತೆಯ ಮಾತು ನನ್ನ ತಲೆಯಲ್ಲಿ ಕುಳಿತುಬಿಟ್ಟಿತ್ತು. ಇದು ಯಾರ ಮನೆಯದೂ ಅಲ್ಲ. ಯಾರೂ ರೊಕ್ಕ ಕೊಟ್ಟಿಲ್ಲ. ಅಂದರೆ? ಅಂದರೆ ಇದನ್ನು ಒಯ್ದು ನಮ್ಮ ಮನೆಯಲ್ಲಿ ಅಡುಗೆ ಮಾಡಿದರೆ ಅತ್ತೆ ಉಣ್ಣಬಹುದು! ಸರೋಜಾಳ ಕಿವಿಯಲ್ಲಿ ಹೇಳಿದೆ. ಹನ್ನೆರಡು ವರ್ಷದಲ್ಲಿ ಮೊದಲ ಬಾರಿಗೆ ಆಕೆ ನನ್ನನ್ನು ಬುದ್ಧಿವಂತನನ್ನು ನೋಡುವ ಹಾಗೆ ನೋಡಿದಳು. ಅವಲಕ್ಕಿಯ ಸ್ಟೀಲ್ ಡಬ್ಬಿ ಖಾಲಿ ಮಾಡಿದಳು. ನಾನು ಬೆನ್ನು ತಿರುಗಿಸಿ ಕುಳಿತು, ಕಲ್ಲಿನ ಸ್ಯಾಂಪಲ್ ತೆಗೆಯುವವನ ಗತ್ತಿನಲ್ಲಿ, ಬಿಲ್ಲೆ ಮುರಿದು ತುಂಬಿದೆ.

ಒಂದು ತೊಡಕಿತ್ತು. ಒಳಗೆ ಬಿಡುವಾಗಲೇ ಗಾರ್ಡು ಹೇಳಿದ್ದ: "ಯಹಾಂ ಸೆ ಕುಛ್ ಭೀ ನಹೀಂ ಲೇ ಜಾನಾ." ಕಲ್ಲಿಲ್ಲ, ಮಣ್ಣಿಲ್ಲ, ಗರಿಯಿಲ್ಲ. ಏನನ್ನೂ ಒಯ್ಯುವ ಹಾಗಿಲ್ಲ.

ಗೇಟಿನಲ್ಲಿ ಆತ ಬಸ್ಸು ಹತ್ತಿದ. ಸೀಟಿನ ಕೆಳಗೆ ಬಗ್ಗಿ ನೋಡಿದ. ಡಬ್ಬಿ ಎತ್ತಿದ. ಅಲ್ಲಾಡಿಸಿದ. ಗಳಗಳ ಎಂದಿತು.

"ಯೇ ಡಬ್ಬಾ ಕಿಸ್‌ಕಾ ಹೈ?"

ನಾನು ಮಾತಾಡಬೇಕಿತ್ತು. ಲೆಕ್ಚರರು, ಎಂ.ಎಸ್ಸಿ., ವಾರವಾರ ಪೇಪರಿನಲ್ಲಿ ಊರಿಗೆಲ್ಲ ಬುದ್ಧಿ ಹೇಳುವವನು. ಎದ್ದು, 'ನಂದು' ಎಂದರೆ ಮುಗಿಯುತ್ತಿತ್ತು. ಆದರೆ ಮೂವತ್ತೆರಡು ಜನರೆದುರು ಕಳ್ಳ ಅನ್ನಿಸಿಕೊಳ್ಳುವುದು ಹೇಗೆ? ಕಿಟಕಿಯಾಚೆ ನೋಡತೊಡಗಿದೆ. ಕಾಡುಕತ್ತೆಗಳ ಬಗ್ಗೆ ನನಗೆ ಆ ಕ್ಷಣದಲ್ಲಿ ಹುಟ್ಟಿದ ಆಸಕ್ತಿ ಅಷ್ಟಿಷ್ಟಲ್ಲ.

"ಮೇರಾ ಹೈ," ಎಂದಿತು ಹಿಂದಿನಿಂದ ಒಂದು ದನಿ.

ಗಂಗತ್ತೆ. ಡಬ್ಬಿಯಲ್ಲಿ ಏನಿದೆಯೆಂದು ಆಕೆಗೆ ಯಾರೂ ಹೇಳಿರಲಿಲ್ಲ. ನನ್ನ ಬೆನ್ನು ನೋಡಿಯೇ ತಿಳಿದಿರಬೇಕು.

"ಕ್ಯಾ ಹೈ ಇಸ್‌ಮೇಂ, ಮಾಜೀ?"

"ದವಾ ಹೈ ಬಾಬಾ. ಶಕ್ಕರ್ ಕಾ ಬೀಮಾರಿ ಹೈ ಹಮಕೂ."

ಗಾರ್ಡು ಮುಚ್ಚಳ ತೆಗೆದ. ಒಂದು ಚೂರು ನಾಲಿಗೆಗೆ ಹಚ್ಚಿದ. "ಯೇ ತೋ ನಮಕ್ ಹೈ!"

"ಹಾಂ, ನಮಕ್. ಹಮಾರಾ ದವಾ ವಹೀ ಹೈ," ಎಂದಳು ಅತ್ತೆ, ಅವನ ಮುಖವನ್ನೇ ನೋಡುತ್ತ. ಗಾರ್ಡು ಮುಚ್ಚಳ ಹಾಕಿದ. ನಕ್ಕ. ಡಬ್ಬಿಯನ್ನು ಅವಳ ಮಡಿಲಲ್ಲಿಟ್ಟು, ಕೈ ಮುಗಿದು ಇಳಿದುಹೋದ. ಬಸ್ಸು ಹೊರಟಿತು.

ಅತ್ತೆ ಮುಂದೆ ಬಂದು ನನ್ನ ಪಕ್ಕ ಕುಳಿತಳು. ಡಬ್ಬಿಯನ್ನು ನನ್ನ ತೊಡೆಯ ಮೇಲಿಟ್ಟಳು.

"ಇದು ಎರಡನೇ ಸಲ ಆತು ನೋಡೊ ತಮ್ಮಾ."

"ಏನತ್ತಿ ಎರಡನೇ ಸಲ?"

"ನೀ ಉಪ್ಪು ಕದಿಯೂದು. ಕೇಳಿದ್ರ ಹೊರಗ ನೋಡೂದು. ನಾ ನನ್ನ ಮ್ಯಾಲ ಹಾಕ್ಕೊಳ್ಳೂದು."

ಸರೋಜಾ ತಿರುಗಿ ಕುಳಿತಳು. ಬಸ್ಸಿನ ಕ್ಯಾಸೆಟ್ಟು ಹಾಡುತ್ತಿತ್ತು. ಅತ್ತೆ ದನಿ ಏರಿಸದೆ ಹೇಳಿದಳು. ಆವತ್ತು ಅಜ್ಜಿ 'ಉಪ್ಪು ಯಾರು ತಗೊಂಡ್ರಿ?' ಎಂದು ಮಕ್ಕಳನ್ನೂ ಕೇಳಿದ್ದಳಂತೆ. ಮಳೆಗೆ ಉಪ್ಪು ನೀರೊಡೆದಿತ್ತಂತೆ. ಚಡ್ಡಿಯ ಕಿಸೆ ತೊಯ್ದು, ತೊಡೆಯ ಮೇಲೆ ನೀರು ಇಳಿದದ್ದನ್ನು ಅತ್ತೆ ನೋಡಿದಳಂತೆ. ಅಜ್ಜನ ಕೈಯಲ್ಲಿ ಬಾರುಕೋಲು. ಹೇಳಿದರೆ ಹುಡುಗನ ಬೆನ್ನು ಸುಲಿಯುತ್ತದೆ.

"ನಾಕ್ ದಿವಸಕ್ಕ ಮರೀತಾರ ಅಂತ ಸುಮ್ನಾದ್ನಿ," ಎಂದಳು. "ಯಾರೂ ಮರೀಲಿಲ್ಲ. ನೀ ಒಬ್ಬಾಂವ ಮರತಿ."

"ಅತ್ತಿ, ನೀನ ಕೊಟ್ಟಿದ್ದಿ ಅಂತ ನನ್ನ ನೆನಪು. ನಿನ್ನ ಬಳಿ... ಹಸರ ಬಳಿ..."

"ಹೌದಪಾ. ನಾ ಕೊಟ್ನಿ," ಎಂದಳು. "ಕದ್ದಾಂವಗ ಯಾವಾಗಲೂ ಯಾರೋ ಕೊಟ್ಟಂಗ ನೆನಪಿರತೈತಿ."

ಮುಂದೆ ನೂರು ಮೈಲಿ ಡಬ್ಬಿ ನನ್ನ ತೊಡೆಯ ಮೇಲೇ ಇತ್ತು. ಸರೋಜಾ ಒಂದೇ ಮಾತು ಆಡಿದಳು: "ತಪ್ಪಾತು ಅನ್ರಿ. ಅಷ್ಟ."

ಅಷ್ಟೇ? ನೆನಪೇ ಇಲ್ಲದ ತಪ್ಪಿಗೆ ತಪ್ಪಾಯಿತು ಎನ್ನುವುದು ಹೇಗೆ? ಅದು ಸುಳ್ಳಾಗುವುದಿಲ್ಲವೇ? ನಾನು ಓದಿದವನು, ಸಾಕ್ಷಿ ಕೇಳುವವನು. ಊರಲ್ಲಿ ದೆವ್ವ ಕಂಡವರನ್ನು, ದೇವರು ಕನಸಲ್ಲಿ ಬಂದವರನ್ನು ಕೂಡಿಸಿಕೊಂಡು, 'ನೀವು ಕಂಡದ್ದೋ, ಕೇಳಿದ್ದೋ?' ಎಂದು ಅಡ್ಡಸವಾಲು ಹಾಕುವವನು. ಈಗ ಅದೇ ಪ್ರಶ್ನೆ ನನಗೇ. ವಿಚಿತ್ರವೆಂದರೆ, ಅತ್ತೆ ಹೇಳಿದ ಅರ್ಧ ಗಂಟೆಯಲ್ಲಿ ನನಗೆ ತೊಯ್ದ ಕಿಸೆ ನೆನಪಾಗತೊಡಗಿತು. ತೊಡೆಯ ಮೇಲೆ ಉಪ್ಪುನೀರಿನ ತಂಪು. ಬಾರುಕೋಲಿನ ಕೆಂಪು ಗೊಂಡೆ. ಇದು ನೆನಪೋ, ಈಗಷ್ಟೇ ಕೇಳಿ ಕಟ್ಟಿಕೊಂಡದ್ದೋ? ಹಸಿರು ಬಳೆಯೂ ಹೀಗೆಯೇ ಹುಟ್ಟಿತ್ತೇ? ಮೂವತ್ತು ವರ್ಷದ ಹಿಂದೆ ಎಂಟು ವರ್ಷದ ಒಬ್ಬ ಪೋರ ತನ್ನನ್ನು ತಾನು ಬಚಾವು ಮಾಡಲು ಅತ್ತೆಯ ಕೈಗೆ ಬಳೆ ತೊಡಿಸಿದನೇ?

'ನೆನಪಿಲ್ಲ' ಎನ್ನುವುದು ಪ್ರಾಮಾಣಿಕ ಉತ್ತರ. ಬಹಳ ಅನುಕೂಲದ ಉತ್ತರ ಕೂಡ.

ಸಂಕ್ರಾಂತಿಗೆ ಅತ್ತೆಯನ್ನು ಕರೆದೆವು. ಉಪ್ಪಿನ ಸಂಗತಿ ಹೇಳಿಯೇ ಕರೆದೆವು. "ಯಾರ ಮನೀದೂ ಅಲ್ಲದ್ದು ಅಂದ್ರ ಬರತೇನಿ," ಎಂದು ಒಪ್ಪಿದಳು. ಕೋರ್ಟು ತನ್ನದೇ ತೀರ್ಪಿಗೆ ಬದ್ಧವಾಗಿತ್ತು.

ಆ ಉಪ್ಪಿನಲ್ಲಿ ಮಣ್ಣಿತ್ತು. ಸರೋಜಾ ನೀರಿನಲ್ಲಿ ಕರಗಿಸಿ, ಸೋಸಿ, ಕುದಿಸಿ ಮತ್ತೆ ಉಪ್ಪು ಮಾಡಿದಳು. "ಕಹಿ ಇರುತ್ತದೆ. ಸಮುದ್ರದ ಬೇರೆ ಲವಣಗಳೂ ಅದರಲ್ಲಿವೆ. ಕಾಲೇಜಿನ ಲ್ಯಾಬಿನಲ್ಲಿ ಶುದ್ಧ ಮಾಡಿಕೊಡುತ್ತೇನೆ," ಎಂದೆ.

"ಬ್ಯಾಡ್ರಿ. ಲ್ಯಾಬಿಗೆ ಹೋದ್ರ ಕಾಲೇಜಿನ ಉಪ್ಪಾಕ್ಕೈತಿ," ಎಂದಳು. ಇವಳಿಗೂ ವಕೀಲಿ ಹತ್ತಿತ್ತು.

ಊಟಕ್ಕೆ ಕುಳಿತೆವು. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಗುರೆಳ್ಳು ಚಟ್ನಿ. ಎಲ್ಲದಕ್ಕೂ ಮರುಭೂಮಿಯ ಉಪ್ಪು. ಗೋಡೆಯ ಮೇಲೆ ಫೋಟೋದಲ್ಲಿ ಅಜ್ಜಿ ಕುಳಿತಿದ್ದಳು, ಇವತ್ತೂ ಯಾರೋ ಏನೋ ಕದ್ದಿದ್ದಾರೆ ಎನ್ನುವ ಮುಖದಲ್ಲಿ. ಅತ್ತೆ ರೊಟ್ಟಿ ಮುರಿದಳು. ಎಣ್ಣೆಗಾಯಿಗೆ ಹಚ್ಚಿದಳು. ಬಾಯಿಗೆ ಇಟ್ಟಳು. ಸರೋಜಾ ಬಡಿಸುವುದು ಬಿಟ್ಟು ನೋಡುತ್ತಿದ್ದಳು.

ಅತ್ತೆ ಅಗಿದಳು. ನಿಲ್ಲಿಸಿದಳು. ಮತ್ತೆ ಅಗಿದಳು. ನುಂಗಿದಳು.

"ಸರೋಜಾ, ಇದೇನ್ ಬದನಿಕಾಯೋ ಹಾಗಲಕಾಯೋ?"

ನಾನೂ ತಿಂದು ನೋಡಿದೆ. ಭೂವಿಜ್ಞಾನ ಸರಿಯಾಗಿತ್ತು. ವಿಷದಂಥ ಕಹಿ.

ಅತ್ತೆ ತಾಟು ಸ್ವಲ್ಪ ಸರಿಸಿದಳು. ಸರೋಜಾಳ ಕಣ್ಣು ತುಂಬಿದವು. ಪಂಚಮಿಯ ಮೂರು ಗಂಟೆಯ ಬಸ್ಸು ಮತ್ತೆ ಬಂದು ಬಾಗಿಲಲ್ಲಿ ನಿಂತ ಹಾಗಾಯಿತು. ಈಗ ಎದ್ದರೆ ಈಕೆ ಮತ್ತೆ ಈ ಮನೆಯಲ್ಲಿ ಊಟಕ್ಕೆ ಕೂರುವುದಿಲ್ಲ. ಅಡ್ಡದಾರಿಗಳೆಲ್ಲ ಮುಗಿದಿದ್ದವು. ಗುಜರಾತಿನವರೆಗೆ ಹೋಗಿ ಬಂದಾಗಿತ್ತು.

"ನಾನ ಕದ್ದಿದ್ನಿ ಅತ್ತಿ," ಎಂದೆ.

"ಏನ?"

"ಉಪ್ಪು. ಮಾವಿನಕಾಯಿಗೆ."

"ಜ್ವಾರಾಗಿ ಹೇಳ. ಆಕಿಗೆ ಕೇಳಲಿ," ಎಂದು ಅತ್ತೆ ಗೋಡೆಯ ಮೇಲಿನ ಅಜ್ಜಿಯತ್ತ ಗದ್ದ ತೋರಿದಳು. "ಆಕಿಗೆ ಎಡಗಿವಿ ಕೇಳಸ್ತಿದ್ದಿಲ್ಲ."

ಎದ್ದು ನಿಂತು, ಕ್ಲಾಸಿನ ಕೊನೆಯ ಬೆಂಚಿಗೆ ಕೇಳುವ ಹಾಗೆ ಹೇಳಿದೆ. "ಉಪ್ಪು ನಾನ ಕದ್ದಿದ್ನಿ! ಗಂಗತ್ತಿ ಅಲ್ಲ! ತಪ್ಪಾತು!"

ಪಕ್ಕದ ಮನೆಯ ರೇಡಿಯೋ ಒಂದು ಕ್ಷಣ ಸಣ್ಣಗಾಯಿತು. (ಆಮೇಲೆ ಆ ಮನೆಯವರು ಒಂದು ವಾರ ತಮ್ಮ ಉಪ್ಪಿನ ಡಬ್ಬಿ ಒಳಗಿಟ್ಟಿದ್ದರು ಎಂದು ಸರೋಜಾಳ ಅನುಮಾನ.)

"ಕೇಳಿದೇನ ಯವ್ವಾ?" ಎಂದಳು ಅತ್ತೆ, ಫೋಟೋಕ್ಕೆ. ಸೆರಗಿನಿಂದ ಮೂಗು ಒರೆಸಿಕೊಂಡಳು. ತಾಟು ಎಳೆದುಕೊಂಡಳು.

"ಸರೋಜಾ, ಈ ಕಾಡುಕತ್ತಿ ಉಪ್ಪಿಂದು ಎತ್ತ. ಮನ್ಯಾಗ ಉಪ್ಪಿಲ್ಲೇನ?"

ಸರೋಜಾ ಓಡಿದಳು. ಹೆಚ್ಚಿಟ್ಟ ಸೌತೆಕಾಯಿ, ಶೇಂಗಾಪುಡಿ, ಮೊಸರು, ಕೈಗೆ ಸಿಕ್ಕಿದ್ದನ್ನೆಲ್ಲ ಕಲಸಿ ಪಚಡಿ ಮಾಡಿದಳು. ನಮ್ಮ ಮನೆಯ, ನಾವು ರೊಕ್ಕ ಕೊಟ್ಟು ತಂದ, ಪ್ಯಾಕೆಟ್ಟಿನ ಉಪ್ಪು ಹಾಕಿದಳು. ಅವಸರಕ್ಕೆ ಜಾಸ್ತಿಯೇ ಬಿತ್ತು. ಅತ್ತೆ ಎರಡು ರೊಟ್ಟಿ ತಿಂದಳು. ಮೂರನೆಯದಕ್ಕೆ ಕೈ ಹಾಕುತ್ತ, "ಉಪ್ಪ ಭಾಳ ಆತವಾ. ಮೂವತ್ತ ವರ್ಷದ್ದ ಒಂದ ಸಲಕ್ಕ ಹಾಕಿದೇನ?" ಎಂದಳು.

ನಾನು ಹೇಳಿದ್ದು ನಿಜವೇ? ನೆನಪಿನಿಂದ ಹೇಳಿದೆನೋ, ಸರೋಜಾಳ ಕಣ್ಣು ನೋಡಿ ಹೇಳಿದೆನೋ, ನನಗೆ ತಿಳಿಯದು. ಆ ಹೊತ್ತಿಗೆ ತಿಳಿದುಕೊಳ್ಳಬೇಕೆಂದೂ ಅನ್ನಿಸಲಿಲ್ಲ. ಹಸಿರು ಬಳೆಗೆ ಮನಸ್ಸಿನಲ್ಲೇ ನಮಸ್ಕಾರ ಹೇಳಿದೆ.

ಸಂಜೆ ಬಸ್‌ಸ್ಟ್ಯಾಂಡಿಗೆ ಬಿಡಲು ಹೋದೆ. ಸವದತ್ತಿಯ ಬಸ್ಸು ಬಂತು. ಅತ್ತೆ ಹತ್ತಿ, ಕಿಟಕಿಯ ಪಕ್ಕ ಕುಳಿತು, ಪಂಚಮಿಗೆ ಬರುತ್ತೇನೆಂದಳು. ಡ್ರೈವರು ಎಂಜಿನ್ ಚಾಲೂ ಮಾಡಿದಾಗ ಕೈ ಸನ್ನೆ ಮಾಡಿ ಹತ್ತಿರ ಕರೆದಳು.

"ತಮ್ಮಾ, ಖರೇ ಹೇಳಬೇಕಂದ್ರ... ಆ ತೊಯ್ದ ಕಿಸೇ ನಿಂದ ಹೌದೋ, ನಿಮ್ಮಣ್ಣಂದೋ, ನನಗೂ ಈಗ ಪಕ್ಕಾ ಇಲ್ಲ. ಇಬ್ಬರಿಗೂ ಒಂದ ತಾನಿನ ಅರಿವೀಲೆ ಚಡ್ಡಿ ಹೊಲಿಸಿದ್ರು."

ಬಸ್ಸು ಹೋಯಿತು. ನಾನು ಧೂಳಿನಲ್ಲಿ ನಿಂತಿದ್ದೆ.

ನೇರ ಎಸ್.ಟಿ.ಡಿ. ಬೂತಿಗೆ ಹೋದೆ. ಅಣ್ಣ ಶಂಕರ ಈಗ ಹುಬ್ಬಳ್ಳಿಯಲ್ಲಿದ್ದಾನೆ, ಟೈಲ್ಸ್ ಅಂಗಡಿ. ಅತ್ತೆಯ ಸುದ್ದಿ, ಉಪ್ಪಿನ ಸುದ್ದಿ ಯಾವುದನ್ನೂ ಹೇಳಲಿಲ್ಲ. ಸಾಕ್ಷಿಗೆ ಉತ್ತರ ಹೇಳಿಕೊಡಬಾರದಲ್ಲ? ಇಷ್ಟೇ ಕೇಳಿದೆ: "ಅಣ್ಣಾ, ಸಣ್ಣವರಿದ್ದಾಗ ಮಿರಗದ ಮಳ್ಯಾಗ ಹಿತ್ತಲದಾಗ ಮಾವಿನಕಾಯಿ ತಿಂದದ್ದು ನೆನಪೈತೇನು?"

ಮೀಟರು ಓಡುತ್ತಿತ್ತು.

"ಮಾವಿನಕಾಯಿ ನೆನಪಿಲ್ಲೊ," ಎಂದ ಅಣ್ಣ. "ಕಿಸೇ ತೊಯ್ದು ತೊಡಿ ಉರಿದಿದ್ದಷ್ಟ ನೆನಪೈತಿ. ಯಾಕ?"

"ಏನಿಲ್ಲ," ಎಂದು ಫೋನಿಟ್ಟೆ.

ಗಂಗತ್ತೆ ಪಂಚಮಿಗೆ ಬರುತ್ತಾಳೆ. ಬದನೆಕಾಯಿ ಎಣ್ಣೆಗಾಯಿಗೆ ಈಗಲೇ ಹೇಳಿಟ್ಟಿದ್ದಾಳೆ. (ಆಕೆ ಪೇಪರು ಓದುವುದಿಲ್ಲ. ಮನೋಳಿಯಲ್ಲಿ ಆಕೆಗೆ ಓದಿ ಹೇಳುವವರು ಯಾರಾದರೂ ಇದ್ದರೆ, ಈ ವಾರ ಈ ಪುಟ ಹಾರಿಸಿಬಿಡಿ, ನಿಮ್ಮ ಉಪಕಾರ.) ಸಾಕ್ಷಿ ಕೇಳುವವನಾಗಿ ನಾನು ಈ ಹೊಸ ಸಾಕ್ಷಿಯನ್ನು ಅವಳ ಮುಂದಿಡಬೇಕು, ನಿಜ.

ಏನು ಮಾಡಲಿ, ಮರೆತುಬಿಟ್ಟಿದ್ದೇನೆ.